ಸೇರಿ ಬಾಡಿಗೆ ಮನೆ ಹಿಡಿಯುವ ಮುಂಚೆ

ಕೊಡಗಿಗೆ ಹೊಸದಾಗಿ ಬಂದವರ ಮೊದಲ ಚಿಂತೆ ಮನೆ. ಮಡಿಕೇರಿಯ ಆಸ್ಪತ್ರೆಗೆ ನರ್ಸ್ ಆಗಿ ಬಂದವರು, ಪೊನ್ನಂಪೇಟೆಯ ಕಾಲೇಜಿಗೆ ಸೇರಿದವರು, ಕುಶಾಲನಗರದಲ್ಲಿ ಅಂಗಡಿ ಇಟ್ಟವರು ಇಬ್ಬರು ಮೂವರು ಸೇರಿ ಒಂದು ಮನೆ ಹಿಡಿಯುವುದುಂಟು. ಎರಡು ಸಂಸಾರ ಸೇರಿ ಹಿಡಿಯುವುದೂ ಇದೆ. ಖರ್ಚು ಕಮ್ಮಿ, ಮಳೆಗಾಲದಲ್ಲಿ ಜೊತೆಗೊಬ್ಬರು ಇರುತ್ತಾರೆ. ಆದರೆ ಕರಾರಿಗೆ ಸಹಿ ಹಾಕಿದರೆ ಏನನ್ನು ಹೊತ್ತುಕೊಳ್ಳುತ್ತೀರಿ ಅನ್ನುವುದು ಮೊದಲೇ ಗೊತ್ತಿರಲಿ.

ನಾನು ಮಡಿಕೇರಿಗೆ ಬಂದ ವರ್ಷ ನಾವು ಮೂವರು ಸೇರಿ ಮನೆ ಹಿಡಿದೆವು. ಬಾಡಿಗೆ 9,000 ರೂಪಾಯಿ, ತಲೆಗೆ 3,000. ಮೂವರೂ ಸಹಿ ಹಾಕಿದ್ದೆವು. ಜುಲೈನಲ್ಲಿ ಒಬ್ಬನಿಗೆ ವರ್ಗವಾಯಿತು, ಹೊರಟುಹೋದ. ಮುಂದಿನ ತಿಂಗಳು ಮಾಲೀಕರು ಪೂರ್ತಿ 9,000 ಕೇಳಿದರು. "ನಮ್ಮಿಬ್ಬರದು ಆರೇ ಸಾವಿರ ಅಲ್ವಾ ಸಾರ್?" ಎಂದು ವಾದ ಮಾಡಿದೆ. ಪರಿಚಯದ ವಕೀಲರೊಬ್ಬರು ಕರಾರು ಓದಿ, ಮಾಲೀಕರು ಕೇಳಿದ್ದೇ ಸರಿ ಅಂದರು.

1872ರ ಭಾರತೀಯ ಕರಾರು ಕಾಯಿದೆಯ 43ನೇ ಸೆಕ್ಷನ್ ಹೇಳುವುದು ಇದನ್ನೇ. ಹಲವರು ಸೇರಿ ಒಂದು ಮಾತು ಕೊಟ್ಟರೆ, ಅದನ್ನು ಪೂರ್ತಿ ನಡೆಸು ಎಂದು ಅವರಲ್ಲಿ ಯಾರನ್ನಾದರೂ ಕೇಳಬಹುದು. ಕರಾರಿನಲ್ಲಿ ಬೇರೆ ಥರ ಬರೆದಿದ್ದರೆ ಮಾತ್ರ ಬೇರೆ. ತಲೆಗೆ ಮೂರು ಸಾವಿರ ಅನ್ನೋದು ನಿಮ್ಮೊಳಗಿನ ಲೆಕ್ಕ, ಮಾಲೀಕರದಲ್ಲ. ಒಬ್ಬರನ್ನು ಮಾಲೀಕರೇ ಹೊಣೆಯಿಂದ ಬಿಟ್ಟರೂ ಉಳಿದವರ ಹೊಣೆ ಹೋಗುವುದಿಲ್ಲ. ಜಾಸ್ತಿ ಕಟ್ಟಿದವರು ಹೋದವರಿಂದ ಅವರ ಪಾಲನ್ನು ವಸೂಲಿ ಮಾಡಬಹುದು. ಆದರೆ ಅದು ನೀವು ನೀವೇ ಬಗೆಹರಿಸಿಕೊಳ್ಳಬೇಕಾದ್ದು. ಬೇರೆ ಮಾತು ಆಗಿರದಿದ್ದರೆ ಎಲ್ಲರದೂ ಸಮಪಾಲು ಎಂದೇ ಲೆಕ್ಕ. ದೊಡ್ಡ ರೂಮಿನವರು ಜಾಸ್ತಿ ಕೊಡುತ್ತಾರೆ ಅಂತಿದ್ದರೆ ಅದನ್ನು ಬರೆದಿಡಿ.

ಆದ್ದರಿಂದ ಕಾಗದ ಎರಡಿರಲಿ. ಒಂದು ಮಾಲೀಕರ ಜೊತೆಗಿನ ಕರಾರು. ಇನ್ನೊಂದು ನಿಮ್ಮೊಳಗಿನದು: ಯಾರ ಪಾಲು ಎಷ್ಟು, ಅಡ್ವಾನ್ಸ್‌ನಲ್ಲಿ ಯಾರು ಎಷ್ಟು ಹಾಕಿದ್ದಾರೆ, ಕರೆಂಟ್ ಬಿಲ್ ಹೇಗೆ, ಬಿಡುವವರು ಎಷ್ಟು ದಿನ ಮುಂಚೆ ಹೇಳಬೇಕು. ಸ್ನೇಹಿತರ ಮಧ್ಯೆ ಕಾಗದ ಯಾಕೆ ಅನ್ನಬೇಡಿ. ನಮ್ಮ ಸ್ನೇಹ ಕೆಟ್ಟಿದ್ದು ಆ ಕಾಗದ ಇಲ್ಲದೆ.

ಕರಾರು ಒಬ್ಬರ ಹೆಸರಲ್ಲೇ ಇದ್ದರೆ ಕಥೆಯೇ ಬೇರೆ. ಮಾಲೀಕರ ಲೆಕ್ಕದಲ್ಲಿ ಬಾಡಿಗೆದಾರರು ಆ ಒಬ್ಬರೇ. ಬಾಡಿಗೆಯ ಹೊಣೆ ಅವರದು, ಮನೆಯ ಹಕ್ಕೂ ಅವರದು. ಅವರು ಖಾಲಿ ಮಾಡಿದರೆ ಉಳಿದವರಿಗೆ ನಿಲ್ಲಲು ಆಧಾರವಿಲ್ಲ. ಮಕ್ಕಳನ್ನು ಶಾಲೆಗೆ ಸೇರಿಸಿದ ಸಂಸಾರ ಹೀಗೆ ಸಿಕ್ಕಿಹಾಕಿಕೊಳ್ಳಬಾರದು. ಎಲ್ಲರ ಹೆಸರೂ ಬರೆಸಿ. ಇಲ್ಲವೇ ರೂಮಿಗೊಂದು ಕರಾರು ಮಾಡಿಕೊಡಲು ಮಾಲೀಕರನ್ನು ಕೇಳಿ, ಆಗ ನಿಮ್ಮ ಹೊಣೆ ನಿಮ್ಮ ರೂಮಿಗಷ್ಟೇ.

ಒಬ್ಬರು ಹೋಗಿ ಇನ್ನೊಬ್ಬರು ಬಂದಾಗ ಅಡ್ವಾನ್ಸ್ ಸುಮ್ನೆ ಕೈಯಿಂದ ಕೈಗೆ ದಾಟುತ್ತದೆ. ಅಷ್ಟಕ್ಕೇ ಬಿಡಬೇಡಿ. ಹೊಸಬರ ಹೆಸರು ಸೇರಿಸಿ ಕರಾರನ್ನು ಹೊಸದಾಗಿ ಮಾಡಿಸಿ, ಹೋದವರ ಹೆಸರು ತೆಗೆಸಿ. ಮಾಲೀಕರಿಗೂ ಇದೇ ಒಳ್ಳೆಯದು. ಮನೆಯಲ್ಲಿ ಯಾರಿದ್ದಾರೆ ಅನ್ನುವುದು ಅವರಿಗೆ ಗೊತ್ತಿರುತ್ತದೆ.

ಕರಾರು ಸಾಮಾನ್ಯವಾಗಿ 11 ತಿಂಗಳಿಗೆ ಇರುತ್ತದೆ, ಯಾಕೆಂದರೆ ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸಬೇಕು. ಎಷ್ಟು ದಿನದ ನೋಟಿಸ್ ಎಂದು ಬರೆಯದಿದ್ದರೆ, ತಿಂಗಳ ಬಾಡಿಗೆಗೆ ಕಾನೂನು ಹೇಳುವುದು 15 ದಿನ. ಇಲ್ಲಿನ ಮಳೆಯಲ್ಲಿ ಹದಿನೈದು ದಿನದಲ್ಲಿ ಮನೆ ಹುಡುಕಿ ಸಾಮಾನು ಸಾಗಿಸುವುದು ಕಷ್ಟ. ಒಂದೆರಡು ತಿಂಗಳು ಎಂದು ಬರೆಸಿ. 'ಲೀಸ್‌ಗೆ ಇದೆ' ಅಂದರೆ ಮಾಲೀಕರ ಮನಸ್ಸಲ್ಲಿರುವುದು ಭೋಗ್ಯ ಇರಬಹುದು: ದೊಡ್ಡ ಮೊತ್ತ ಒಟ್ಟಿಗೆ ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಇರುವುದು. ಕೇಳಿ ತಿಳಿದುಕೊಳ್ಳಿ.

ಮನೆ ನೋಡುವಾಗ ಗೋಡೆಯ ಬುಡ, ಹೆಂಚು, ಸೂರು, ಮನೆಯ ಹಿಂದಿನ ಬರೆ (ಗುಡ್ಡದ ಕಡಿದಾದ ಇಳಿಜಾರು) ನೋಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಇಲ್ಲಿ ಎಷ್ಟೋ ಮನೆಗಳು ಹೋದವು. ಸೋರಿಕೆ ರಿಪೇರಿ ಯಾರದು, ಯಾವ ತಿಂಗಳೊಳಗೆ ಎಂದು ಕರಾರಿನಲ್ಲೇ ಬರಲಿ. ಮೇ ತಿಂಗಳೊಳಗೆ ಎಂದು ಬರೆಸುವುದು ವಾಸಿ. ಒಳಗೆ ಹೋದ ದಿನವೇ ಇರುವ ಬೂಷ್ಟು, ಬಿರುಕುಗಳ ಫೋಟೋ ತೆಗೆದು ಮಾಲೀಕರಿಗೆ ವಾಟ್ಸಾಪ್ ಮಾಡಿ. ಖಾಲಿ ಮಾಡುವಾಗ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುವ ಮಾತು ಬಂದರೆ ತೋರಿಸಲು ಅದಿರುತ್ತದೆ. ಕರಾರಿನ ಕರಡು ಕೈಗೆ ಬಂದ ಮೇಲೆ, ಸಹಿಗೆ ಮುಂಚೆ, ನಮ್ಮ ಸಂಘಕ್ಕೆ ತನ್ನಿ. ಜೊತೆಗೆ ಕೂತು ಓದೋಣ.