ಫೋನಿನ ಹೆಗಲಿನಿಂದ ಇಳಿಸಿದ ಕೆಲಸಗಳು

ಕ್ಯಾಮೆರಾ ಆ್ಯಪ್ ತೆರೆದು 5 ಪಟ್ಟು ಝೂಮ್ ಒತ್ತಿ, ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸಿನ ಮೇಲೆ ಬೆರಳಿಡಿ. ಹಗಲಿನಲ್ಲಿ ಪರದೆ ಕಪ್ಪಾಗುತ್ತದೆ. ರಾತ್ರಿ ಕೋಣೆಯ ದೀಪದಡಿ ಇದನ್ನೇ ಮಾಡಿದರೆ ಎಷ್ಟೋ ಫೋನುಗಳಲ್ಲಿ ಚಿತ್ರ ಏನೂ ಆಗದಂತೆ ಹಾಗೆಯೇ ಇರುತ್ತದೆ. ಬೆಳಕು ಸಾಲದ್ದಕ್ಕೆ ಫೋನು ಸದ್ದಿಲ್ಲದೆ ಟೆಲಿಯನ್ನು ಬಿಟ್ಟು ಮುಖ್ಯ ಕ್ಯಾಮೆರಾಗೆ ಹಾರಿರುತ್ತದೆ. ಅದರ ನಡುವಿನ ತುಣುಕನ್ನು ಕತ್ತರಿಸಿ, ಹಿಗ್ಗಿಸಿ ತೋರಿಸುತ್ತಿರುತ್ತದೆ. 50 ಮೆಗಾಪಿಕ್ಸೆಲ್ ಸೆನ್ಸರಿನಲ್ಲಿ 5 ಪಟ್ಟು ಕತ್ತರಿಸಿದರೆ ಉಳಿಯುವುದು 25ರಲ್ಲಿ ಒಂದು ಭಾಗ, ಅಂದರೆ ಬರೀ 2 ಮೆಗಾಪಿಕ್ಸೆಲ್. ಉಳಿದದ್ದು ಸಾಫ್ಟ್‌ವೇರಿನ ಊಹೆ.

ಫೋನಿನ ಕೊರತೆಗಳನ್ನು ನಾನು ಎರಡು ರಾಶಿ ಮಾಡಿಕೊಂಡಿದ್ದೇನೆ. ಒಂದು, ಸೆಟ್ಟಿಂಗಿನಲ್ಲಿ ಸರಿಹೋಗುವಂಥವು. ಇನ್ನೊಂದು, ಗಾಜಿನ ಅಳತೆ, ಪರದೆಯ ಅಗಲ, ಶಾಖ ಇವುಗಳಿಂದ ಬಂದವು. ಎರಡನೆಯದಕ್ಕೆ ಯಾವ ಅಪ್‌ಡೇಟೂ ಮದ್ದಲ್ಲ. ಹಾಗಾಗಿ ಬೇರೆ ಉಪಕರಣಕ್ಕೆ ಕೈಹಾಕುವ ಮೊದಲು ಒಂದು ವಾರ ಆ ಕೆಲಸವನ್ನು ಫೋನಿನಲ್ಲೇ, ಸೆಟ್ಟಿಂಗುಗಳನ್ನೆಲ್ಲ ತಿದ್ದಿ, ಮಾಡಿ ನೋಡುತ್ತೇನೆ. ಆಮೇಲೂ ಉಳಿದ ತೊಂದರೆ ಎರಡನೆಯ ರಾಶಿಯದಾದರೆ ಮಾತ್ರ ಆ ಕೆಲಸ ಫೋನಿನಿಂದ ಕೆಳಗಿಳಿಯುತ್ತದೆ.

ಕ್ಯಾಮೆರಾದ ಲೆಕ್ಕ ನೋಡಿ. ಈಗಿನ ಒಳ್ಳೆಯ ಫೋನುಗಳ ಮುಖ್ಯ ಸೆನ್ಸರ್ ಸುಮಾರು 9.8 × 7.3 ಮಿ.ಮೀ., ಅಂದರೆ 70 ಚದರ ಮಿ.ಮೀ. ಆಸುಪಾಸು. ಟೆಲಿಯ ಹಿಂದಿರುವುದು ಅನೇಕ ಸಲ ಇದರ ಮೂರನೆಯ ಒಂದು ಭಾಗದಷ್ಟೇ. ಜೇಬಿನಲ್ಲಿ ಹಿಡಿಸುವ 'ಒಂದಿಂಚು' ಕ್ಯಾಮೆರಾದ ಸೆನ್ಸರ್ 13.2 × 8.8 ಮಿ.ಮೀ., ಹೆಚ್ಚುಕಡಿಮೆ 116 ಚದರ ಮಿ.ಮೀ. ಲೆನ್ಸ್ ಬದಲಿಸುವ ಅನೇಕ ಕ್ಯಾಮೆರಾಗಳಲ್ಲಿರುವ ಎಪಿಎಸ್-ಸಿ ಸೆನ್ಸರ್ ಆದರೆ ಹೆಚ್ಚಿನವುಗಳಲ್ಲಿ 360 ದಾಟುತ್ತದೆ. (ಒಂದಿಂಚು ಸೆನ್ಸರಿನಲ್ಲಿ ಯಾವ ಬದಿಯೂ ಒಂದಿಂಚಿಲ್ಲ. ಅದು ಹಳೆಯ ಟಿವಿ ಕ್ಯಾಮೆರಾ ಕೊಳವೆಗಳ ಕಾಲದಿಂದ ಉಳಿದುಕೊಂಡ ಹೆಸರು.) ಮುಖ್ಯ ಕ್ಯಾಮೆರಾದ ಮಟ್ಟಿಗೆ ಫೋನಿಗೂ ಒಂದಿಂಚಿಗೂ ಅಂಥ ಅಂತರವೇನಿಲ್ಲ, ಫೋನು ಹಲವು ಫ್ರೇಮುಗಳನ್ನು ಪೇರಿಸಿ ಆ ಕೊರತೆಯನ್ನು ತುಂಬಿಕೊಳ್ಳುತ್ತದೆ. ಆದ್ದರಿಂದ ದಾಖಲೆ, ಫಲಕ, ನಿಂತ ವಸ್ತು, ಹಗಲಿನ ನೋಟ ಎಲ್ಲವನ್ನೂ ಫೋನಿಗೇ ಬಿಟ್ಟಿದ್ದೇನೆ. ದೂರದಲ್ಲಿ ಚಲಿಸುವುದು, ಮಂದ ಬೆಳಕಿನಲ್ಲಿ ಓಡಾಡುವವರು, ಇವೆರಡು ಮಾತ್ರ ಬೇರೆ ಕ್ಯಾಮೆರಾಗೆ. ನೈಟ್ ಮೋಡಿನಲ್ಲಿ ಗೋಡೆ ಚೆನ್ನಾಗಿ ಬರುತ್ತದೆ, ಅದರ ಮುಂದೆ ನಡೆಯುವವರ ಕೈಗಳು ಕಲಸಿಹೋಗುತ್ತವೆ.

ದಾಖಲೆ ತೆಗೆಯುವಾಗ ಹೆಚ್ಚಿನವರು ಪುಟಕ್ಕೆ ತೀರ ಹತ್ತಿರ ಹೋಗುತ್ತಾರೆ. ದೊಡ್ಡ ಸೆನ್ಸರಿನ ಮುಖ್ಯ ಲೆನ್ಸಿಗೆ ಸಮೀಪದಲ್ಲಿ ಫೋಕಸ್ ಸಿಗದು. ಫೋನು ತಾನಾಗಿ ಅಗಲ ನೋಟದ ಅಲ್ಟ್ರಾವೈಡ್ ಲೆನ್ಸಿಗೆ ಜಿಗಿಯುತ್ತದೆ, ಪುಟದ ಮೂಲೆಯ ಅಕ್ಷರ ಮಸುಕಾಗುತ್ತದೆ. ನಾನು 40 ಸೆಂ.ಮೀ. ಹಿಂದೆ ಸರಿದು 2 ಪಟ್ಟು ಝೂಮ್ ಹಾಕುತ್ತೇನೆ. 50 ಮೆಗಾಪಿಕ್ಸೆಲ್ ಸೆನ್ಸರಿನ ನಡುಭಾಗದಿಂದ ಆಗಲೂ 12 ಮೆಗಾಪಿಕ್ಸೆಲ್ಲಿನಷ್ಟು ನಿಜವಾದ ವಿವರ ಸಿಗುತ್ತದೆ, ಪುಟವೂ ಸೊಟ್ಟಗಾಗುವುದಿಲ್ಲ, ಕೈಯ ನೆರಳೂ ಬೀಳುವುದಿಲ್ಲ.

ಬೇರೆ ಕ್ಯಾಮೆರಾ ಇಟ್ಟುಕೊಂಡರೆ ಅದರದೇ ಕಿರಿಕಿರಿಗಳಿವೆ. ವೈ-ಫೈ ಮೂಲಕ ಫೋನಿಗೆ ಕಳಿಸುವ ಆ್ಯಪ್‌ಗಳು ತಾಳ್ಮೆ ಪರೀಕ್ಷಿಸುತ್ತವೆ. ಯುಎಸ್‌ಬಿ-ಸಿ ಕಾರ್ಡ್ ರೀಡರ್ ಒಂದನ್ನು ಚೀಲದಲ್ಲಿಟ್ಟರೆ ಆ ಗೋಳೇ ಇಲ್ಲ. ಕಾರ್ಡನ್ನು ಕಂಪ್ಯೂಟರಿನಲ್ಲಿ ಫಾರ್ಮ್ಯಾಟ್ ಮಾಡಬೇಡಿ, ಕ್ಯಾಮೆರಾದಲ್ಲೇ ಮಾಡಿ. 4ಕೆ ವಿಡಿಯೊ ತೆಗೆಯುವುದಾದರೆ ವಿ30 ಗುರುತಿನ ಕಾರ್ಡ್ ಬೇಕು. ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುತ್ತದೆ ಎಂಬ ಭರವಸೆ ಅದು. ಇನ್ನೊಂದು: ಫೋನಿನ ಗಡಿಯಾರ ಜಾಲದಿಂದ ಸರಿಯಾಗುತ್ತಿರುತ್ತದೆ, ಕ್ಯಾಮೆರಾದ್ದು ಮೆಲ್ಲಗೆ ಜಾರುತ್ತದೆ. ಎರಡರ ಚಿತ್ರಗಳನ್ನು ಒಟ್ಟಿಗೆ ಜೋಡಿಸಿದಾಗ ಕ್ರಮ ತಪ್ಪುವುದು ಇದರಿಂದಲೇ. ಪ್ರತಿ ಸಲ ಮೊದಲು ಕ್ಯಾಮೆರಾದಿಂದ ಫೋನಿನ ಗಡಿಯಾರದ ಒಂದು ಚಿತ್ರ ತೆಗೆದಿಟ್ಟುಕೊಂಡರೆ ವ್ಯತ್ಯಾಸ ಎಷ್ಟೆಂದು ತಿಳಿದು, ಎಲ್ಲ ಚಿತ್ರಗಳ ಸಮಯವನ್ನೂ ಒಮ್ಮೆಗೇ ಸರಿಸಬಹುದು.

ಧ್ವನಿಮುದ್ರಣ ಮಾತ್ರ ಫೋನಿನಿಂದ ಪೂರ್ತಿ ಇಳಿದುಹೋಗಿದೆ. ಮೈಕ್ ಕಳಪೆ ಅಂತಲ್ಲ, ಫೋನು ನಡುವೆ ಬಾಯಿ ಹಾಕುತ್ತದೆ. ಕರೆ ಬಂದರೆ ರೆಕಾರ್ಡಿಂಗ್ ನಿಲ್ಲಬಹುದು. ಬ್ಯಾಟರಿ ಉಳಿಸುವ ವ್ಯವಸ್ಥೆ ಆ್ಯಪನ್ನು ಹಿನ್ನೆಲೆಯಲ್ಲಿ ಮುಚ್ಚಬಹುದು. ಗದ್ದಲ ತಗ್ಗಿಸುವ ಸಾಫ್ಟ್‌ವೇರ್ ಕೋಣೆಯ ಆಚೆ ತುದಿಯಿಂದ ಮಾತಾಡಿದವರನ್ನೇ ಗದ್ದಲವೆಂದು ಅಳಿಸಬಹುದು. ಇಷ್ಟರಲ್ಲಿ ಮೊದಲೆರಡಕ್ಕೆ ಪರಿಹಾರವಿದೆ: ಏರ್‌ಪ್ಲೇನ್ ಮೋಡ್ ಹಾಕಿ, ರೆಕಾರ್ಡರ್ ಆ್ಯಪಿನ ಬ್ಯಾಟರಿ ಬಳಕೆಯನ್ನು 'ನಿರ್ಬಂಧವಿಲ್ಲ' ಎಂದು ಬದಲಿಸಿ. ಆದರೆ ಅಷ್ಟು ಹೊತ್ತು ಫೋನು ಫೋನಾಗಿ ಉಳಿಯುವುದಿಲ್ಲವಲ್ಲ.

ಕೈ ರೆಕಾರ್ಡರಿನಲ್ಲಿ ನನ್ನ ಸೆಟ್ಟಿಂಗ್ ಹೀಗಿದೆ. ಮಾತಿಗೆ 48 ಕಿಲೋಹರ್ಟ್ಸ್, 24 ಬಿಟ್, ಮೋನೊ, ವೇವ್ ಫೈಲ್. ಗಂಟೆಗೆ ಸುಮಾರು 518 ಎಂಬಿ ಆಗುತ್ತದೆ. ಸ್ಟೀರಿಯೊ ಬೇಕಾದಾಗ 44.1 ಕಿಲೋಹರ್ಟ್ಸ್, 16 ಬಿಟ್, ಗಂಟೆಗೆ 635 ಎಂಬಿ. ತಗ್ಗಿನ ಸದ್ದನ್ನು ಕತ್ತರಿಸುವ ಲೋ-ಕಟ್ 80 ಹರ್ಟ್ಸ್, ಫ್ಯಾನಿನ ಗುಂಯ್‌ಗುಡುವಿಕೆ ಬಹಳಷ್ಟು ಅಲ್ಲೇ ಹೋಗುತ್ತದೆ. ಆಟೊ ಲೆವೆಲ್ ಆಫ್. ಅತಿ ಜೋರಾದ ಮಾತು ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಮುಟ್ಟುವಷ್ಟು ಗೇನ್ (ಮೈಕಿನ ಸದ್ದನ್ನು ಹಿಗ್ಗಿಸುವ ಮಟ್ಟ). ಆಟೊ ಇದ್ದರೆ ಎಲ್ಲರೂ ಸುಮ್ಮನಾದಾಗ ಗೇನ್ ಮೇಲೇರಿ ಕೋಣೆಯ ಗದ್ದಲವೆಲ್ಲ ಉಬ್ಬುತ್ತದೆ, ಮುಂದಿನ ಮಾತಿನ ಮೊದಲ ಅಕ್ಷರ ಒಡೆಯುತ್ತದೆ. 32 ಬಿಟ್ ಫ್ಲೋಟ್ ರೆಕಾರ್ಡರುಗಳಲ್ಲಿ ಗೇನ್ ಚಿಂತೆ ಬಹುತೇಕ ಇಲ್ಲ. ಆದರೂ ಮೈಕ್ ಕ್ಯಾಪ್ಸೂಲೇ ಮಿತಿ ಮೀರಿದರೆ ಅದನ್ನು ಯಾವ ಬಿಟ್ಟೂ ಉಳಿಸದು.

ಇಲ್ಲಿ ತಪ್ಪುವುದು ಸಣ್ಣ ಸಣ್ಣ ಕಡೆ. ಎಎ ಗಾತ್ರದ ರೀಚಾರ್ಜೆಬಲ್ ನಿಕಲ್ ಸೆಲ್‌ಗಳು 1.2 ವೋಲ್ಟ್, ಸಾಮಾನ್ಯ ಆಲ್ಕಲೈನ್ 1.5. ಮೆನುವಿನಲ್ಲಿ ಸೆಲ್ಲಿನ ಬಗೆ ಬದಲಿಸದಿದ್ದರೆ ಬ್ಯಾಟರಿ ಮೀಟರ್ ಸುಳ್ಳು ಹೇಳುತ್ತದೆ. ಎಫ್‌ಎಟಿ32 ಕಾರ್ಡಿನಲ್ಲಿ ಒಂದು ಫೈಲ್ 4 ಜಿಬಿ ದಾಟದು, ಆದ್ದರಿಂದ ಉದ್ದನೆಯ ಮುದ್ರಣ ತುಂಡಾಗುವುದು ದೋಷವಲ್ಲ. ಸ್ಟಾಪ್ ಒತ್ತದೆ ಸೆಲ್ ತೆಗೆದರೆ ಫೈಲಿನ ತಲೆಬರಹ ಪೂರ್ತಿಯಾಗದೆ ಸೊನ್ನೆ ಗಾತ್ರ ತೋರಿಸಬಹುದು. ಆಗ ಕಾರ್ಡಿಗೆ ಬೇರೇನನ್ನೂ ಬರೆಯದೆ ಅದೇ ರೆಕಾರ್ಡರಿಗೆ ಹಾಕಿ ಆನ್ ಮಾಡಿ, ಕೆಲವು ಮಾದರಿಗಳು ತಾವೇ ದುರಸ್ತಿ ಮಾಡಿಕೊಳ್ಳುತ್ತವೆ. ಕಾಲರ್ ಮೈಕಿನ ಪಿನ್ನಿನಲ್ಲಿ ಕಪ್ಪು ಉಂಗುರ ಎರಡಿದ್ದರೆ ರೆಕಾರ್ಡರಿಗೆ, ಮೂರಿದ್ದರೆ ಫೋನಿಗೆ. ಅದಲುಬದಲು ಮಾಡಿದರೆ ಆ ಮೈಕಿನ ಧ್ವನಿ ಮುದ್ರಣವಾಗದೇ ಹೋಗಬಹುದು. ಇಯರ್‌ಫೋನ್ ಹಾಕಿ ಕೇಳದೆ ಮುದ್ರಣ ಶುರು ಮಾಡಲೇಬಾರದು ಅನ್ನುವುದು ಇದಕ್ಕೇ.

ಓದು. ಓಲೆಡ್ ಪರದೆಗಳಲ್ಲಿ ಹೆಚ್ಚಿನವು ಬೆಳಕನ್ನು ತಗ್ಗಿಸುವುದು ಮಿನುಗಿಸಿ. ಅನೇಕ ಫೋನುಗಳಲ್ಲಿ ಸೆಕೆಂಡಿಗೆ 240 ಅಥವಾ 480 ಸಲ. ಬೆಳಕು ತಗ್ಗಿದಷ್ಟೂ ಕತ್ತಲಿನ ಪಾಲು ಹೆಚ್ಚು, ಕೆಲವರಿಗೆ ಕಣ್ಣುನೋವು ತಲೆನೋವು ಬರುವುದು ಹಾಸಿಗೆಯಲ್ಲಿ ಓದುವಾಗಲೇ. ಇನ್ನೊಂದು ಫೋನಿನ ಪ್ರೊ ಮೋಡಿನಲ್ಲಿ ಶಟರನ್ನು 1/2000ಕ್ಕೆ ಇಟ್ಟು ಪರದೆಯನ್ನು ನೋಡಿ. ಅಡ್ಡಪಟ್ಟೆ ದಪ್ಪಗೆ, ಕಪ್ಪಗೆ ಕಂಡಷ್ಟೂ ಮಿನುಗು ಒರಟು. ಸುಲಭದ ಉಪಾಯ: ಹೊಳಪನ್ನು ಅರ್ಧಕ್ಕಿಂತ ಮೇಲಿಟ್ಟು ಆಂಡ್ರಾಯ್ಡಿನ 'ಎಕ್ಸ್‌ಟ್ರಾ ಡಿಮ್' ಇಲ್ಲವೇ ಐಫೋನಿನ 'ರೆಡ್ಯೂಸ್ ವೈಟ್ ಪಾಯಿಂಟ್' ಹಾಕಿ ಮಂದ ಮಾಡಿಕೊಳ್ಳುವುದು. ನನ್ನ ಮಟ್ಟಿಗೆ ಲೇಖನ ಓದಲು ಇಷ್ಟು ಸಾಕು, ಪುಸ್ತಕಕ್ಕೆ ಸಾಲದು.

ಕಾಗದದಂತೆ ಕಾಣುವ ಇ-ಇಂಕ್ ಪರದೆಯ ಓದುಗ (ಇ-ಪುಸ್ತಕ ಓದುವ ಸಾಧನ) ಕೊಳ್ಳುವವರು ಎಡವುವುದು ಪಿಡಿಎಫ್‌ನಲ್ಲಿ. 6 ಇಂಚಿನ, 1072 × 1448 ಪಿಕ್ಸೆಲ್ ಪರದೆಯ ಅಗಲ 91 ಮಿ.ಮೀ. ಎ4 ಪುಟದ ಅಗಲ 210. ಅಂದರೆ 11 ಪಾಯಿಂಟ್ ಅಕ್ಷರ 5 ಪಾಯಿಂಟಿಗಿಂತ ಕೆಳಗಿಳಿಯುತ್ತದೆ, ಓದಲಾಗದು. ಎಡಬಲದ ಅಂಚು 25 ಮಿ.ಮೀ. ಕತ್ತರಿಸಿದರೆ 6 ಪಾಯಿಂಟ್. ಕತ್ತರಿಸಿದ ಮೇಲೆ ಅಡ್ಡಕ್ಕೆ ತಿರುಗಿಸಿದರೆ 8 ಪಾಯಿಂಟ್ ದಾಟುತ್ತದೆ, ಆಗ ಓದಬಹುದು. ಬರೀ ಪಿಡಿಎಫ್ ಓದುವವರಿಗೆ 10 ಇಂಚಿಗಿಂತ ಚಿಕ್ಕದು ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಬಣ್ಣದ ಇ-ಇಂಕ್ ಬೇಡ ಎಂಬುದೂ: ಹೆಚ್ಚಿನವುಗಳಲ್ಲಿ ಕಪ್ಪುಬಿಳುಪಿಗೆ ಇಂಚಿಗೆ 300 ಚುಕ್ಕಿ ಇದ್ದರೂ ಬಣ್ಣಕ್ಕೆ 150 ಮಾತ್ರ, ಮೇಲಿನ ಬಣ್ಣದ ಪದರದಿಂದಾಗಿ ಹಿನ್ನೆಲೆ ಬೂದಿಬಣ್ಣಕ್ಕೆ ತಿರುಗಿ ದೀಪ ಹಾಕಲೇಬೇಕಾಗುತ್ತದೆ.

ಕನ್ನಡ ಓದುವವರಿಗೆ ಇನ್ನೂ ಎರಡು ತೊಡಕುಗಳಿವೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಯೂನಿಕೋಡ್‌ಗೆ ಮುಂಚಿನ ವಿಧಾನದಲ್ಲಿ ಸಿದ್ಧವಾದ ಪಿಡಿಎಫ್ ನೋಡಲು ಸರಿಯಾಗಿದ್ದರೂ ಸಾಲುಗಳನ್ನು ಪರದೆಗೆ ತಕ್ಕಂತೆ ಮರುಜೋಡಿಸುವ 'ರೀಫ್ಲೋ' ಒತ್ತಿದರೆ ಲ್ಯಾಟಿನ್ ಅಕ್ಷರಗಳ ಕಿಚಡಿಯಾಗುತ್ತದೆ. ಅಂಥವನ್ನು ಅಂಚು ಕತ್ತರಿಸಿ ಚಿತ್ರವಾಗಿಯೇ ಓದಬೇಕು, ಇಲ್ಲವೇ ಮೊದಲು ಪರಿವರ್ತಕದಿಂದ ಯೂನಿಕೋಡ್ ಮಾಡಿಕೊಳ್ಳಬೇಕು. ಇಪಬ್‌ನಲ್ಲಿ (ಇ-ಪುಸ್ತಕದ ಫೈಲು) ಒತ್ತಕ್ಷರಗಳು ಒಡೆದು ಪಕ್ಕಪಕ್ಕ ಕಂಡರೆ ಆ ಓದುಗದ ಅಕ್ಷರಜೋಡಣೆಯ ಎಂಜಿನ್ನೇ ದುರ್ಬಲ ಎಂದರ್ಥ, ಬರೀ ಫಾಂಟ್ ಬದಲಿಸಿ ಪ್ರಯೋಜನವಿಲ್ಲ. ಕೊಳ್ಳುವ ಮುಂಚೆ 'ಸ್ತ್ರೀ', 'ರಾಷ್ಟ್ರ', 'ಕರ್ತೃ' ಇರುವ ಒಂದು ಪುಟ ಹಾಕಿ ನೋಡಿ. ಸರಿ ಕಂಡರೆ ಸಾಲಿನ ಅಂತರವನ್ನು 1.5ಕ್ಕೆ ಏರಿಸಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಸಂಗೀತಕ್ಕೆಂದೇ ಬೇರೆ ಪ್ಲೇಯರ್ ಬೇಡ. 2016ರಲ್ಲಿ ಐಫೋನ್ 7 ಇಯರ್‌ಫೋನಿನ 3.5 ಮಿ.ಮೀ. ತೂತನ್ನು ಕೈಬಿಟ್ಟ ಮೇಲೆ ಒಬ್ಬೊಬ್ಬರಾಗಿ ಹೆಚ್ಚಿನವರು ಕೈಬಿಟ್ಟರು, ಅದು ನನಗಿನ್ನೂ ಸಿಟ್ಟೇ. ಆದರೂ ಚಾರ್ಜಿಂಗ್ ತೂತಿಗೆ ಇಯರ್‌ಫೋನ್ ಜೋಡಿಸುವ ಬೆರಳುದ್ದದ ಡಾಂಗಲ್ ಸಾಕು. ಡಾಂಗಲ್‌ನಲ್ಲಿ ಎರಡು ಜಾತಿ: ಒಳಗೆ ಡ್ಯಾಕ್ ಚಿಪ್ (ಡಿಜಿಟಲ್ ಅಂಕಿಗಳನ್ನು ಧ್ವನಿಸಂಕೇತ ಮಾಡುವಂಥದು) ಇರುವುದು ಬಹುತೇಕ ಎಲ್ಲ ಫೋನುಗಳಲ್ಲೂ ನಡೆಯುತ್ತದೆ, ಬರೀ ತಂತಿ ಜೋಡಿಸಿದ್ದು ಕೆಲವೇ ಫೋನುಗಳಲ್ಲಿ. ಪೆಟ್ಟಿಗೆಯ ಮೇಲೆ ಬಿಟ್, ಕಿಲೋಹರ್ಟ್ಸ್ ಅಂಕಿಗಳಿದ್ದರೆ ಅದು ಮೊದಲನೆಯ ಜಾತಿ. ಬ್ಲೂಟೂತ್ ಬಳಸುವವರು ಆಂಡ್ರಾಯ್ಡಿನಲ್ಲಿ ಬಿಲ್ಡ್ ನಂಬರನ್ನು 7 ಸಲ ಒತ್ತಿ ಡೆವಲಪರ್ ಆಯ್ಕೆಗಳನ್ನು ತೆರೆದು, ಯಾವ ಕೋಡೆಕ್ (ಧ್ವನಿಯನ್ನು ಕುಗ್ಗಿಸಿ ಕಳಿಸುವ ವಿಧಾನ) ನಡೆಯುತ್ತಿದೆ ಎಂದು ಒಮ್ಮೆ ನೋಡಲಿ. ಎಲ್‌ಡ್ಯಾಕ್ ಕೋಡೆಕ್ ಸೆಕೆಂಡಿಗೆ 990 ಕಿಲೋಬಿಟ್ ಎಂದು ಹೆಮ್ಮೆಪಟ್ಟರೂ ಜನಸಂದಣಿಯಲ್ಲಿ 330ಕ್ಕೆ ಇಳಿದಿರಬಹುದು.

ದಾರಿ ತೋರಿಸುವುದರಲ್ಲಿ ಫೋನಿನ ಜಿಪಿಎಸ್ ಕಳಪೆಯಲ್ಲ. 2018ರ ಶಿಯೋಮಿ ಮಿ 8ರಿಂದೀಚೆಗೆ ಉಪಗ್ರಹಗಳ ಎಲ್1 ಜೊತೆ ಎಲ್5 ತರಂಗವನ್ನೂ ಹಿಡಿಯುವ ಫೋನುಗಳು ಬಂದಿವೆ, ಎತ್ತರದ ಕಟ್ಟಡಗಳ ನಡುವೆ ಮಾರ್ದನಿಸಿದ ಸಂಕೇತಕ್ಕೆ ಅವು ಅಷ್ಟಾಗಿ ಮೋಸಹೋಗವು. ನಿಮ್ಮದರಲ್ಲಿ ಎಲ್5 ಇದೆಯೇ ಎಂದು ಜಿಪಿಎಸ್‌ಟೆಸ್ಟ್ ಆ್ಯಪ್ ತೋರಿಸುತ್ತದೆ. ಸೋಲುವುದು ಬಿಸಿಲಿಗೆ. ಆ್ಯಪಲ್ ತನ್ನ ಫೋನಿಗೆ ಹೇಳುವ ಬಳಕೆಯ ಮಿತಿಯೇ 35 ಡಿಗ್ರಿ ಸೆಲ್ಸಿಯಸ್. ಬಿಸಿಲಲ್ಲಿ ನಕ್ಷೆ, ಪೂರ್ತಿ ಹೊಳಪು, ಜೊತೆಗೆ ಚಾರ್ಜಿಂಗ್, ಮೂರೂ ಸೇರಿದರೆ ಮೊದಲು ಚಾರ್ಜಿಂಗ್ ನಿಧಾನ, ಆಮೇಲೆ ಪರದೆ ಮಂಕು. ಕವಚ ತೆಗೆಯಿರಿ, ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ, ಪರದೆ ಆರಿಸಿ ಧ್ವನಿ ಸೂಚನೆ ಕೇಳಿ. ಬೈಕಿನ ಹ್ಯಾಂಡಲ್ಲಿಗೆ ನೇರವಾಗಿ ಬಿಗಿಯಬೇಡಿ: ಎಂಜಿನ್ನಿನ ನಡುಕ ಕೈನಡುಕ ಸರಿದೂಗಿಸುವ ಕ್ಯಾಮೆರಾದ ಓಐಎಸ್ ಯಂತ್ರಾಂಗವನ್ನು ಕೆಡಿಸಬಲ್ಲದು ಎಂದು ಆ್ಯಪಲ್ 2021ರಲ್ಲೇ ಎಚ್ಚರಿಸಿದೆ. ಇಡೀ ದಿನದ ನಡಿಗೆಗಾದರೆ ಗುಂಡಿಗಳುಳ್ಳ, ಎಎ ಸೆಲ್ಲಿನ ಕೈ ಜಿಪಿಎಸ್ ಈಗಲೂ ಮೇಲು.

ಹೀಗೆ ಉಪಕರಣ ಹೆಚ್ಚಾದಾಗ ಬರುವ ತಲೆನೋವು ಚಾರ್ಜಿಂಗ್. 10,000 ಎಂಎಎಚ್ ಪವರ್ ಬ್ಯಾಂಕ್ ಅಂದರೆ 3.7 ವೋಲ್ಟಿನಲ್ಲಿ 37 ವ್ಯಾಟ್-ಅವರ್. 5,000 ಎಂಎಎಚ್ ಫೋನು ಸುಮಾರು 19 ವ್ಯಾಟ್-ಅವರ್. ವೋಲ್ಟೇಜ್ ಏರಿಸಿ ಇಳಿಸುವುದರಲ್ಲಿ ಒಂದಿಷ್ಟು ಶಾಖವಾಗಿ ಹೋಗುವುದರಿಂದ ಎರಡು ಸಲ ತುಂಬದು, ಒಂದೂವರೆ ಸಲ ಎಂದು ಎಣಿಸಿ. ಇನ್ನು ರೆಕಾರ್ಡರ್, ಓದುಗಗಳಂಥ ಸಣ್ಣವು ಕೊನೆಕೊನೆಗೆ ಎಷ್ಟು ಕಡಿಮೆ ಕರೆಂಟ್ ಎಳೆಯುತ್ತವೆಂದರೆ ಪವರ್ ಬ್ಯಾಂಕ್ 'ಏನೂ ಸೇರಿಸಿಲ್ಲ' ಎಂದುಕೊಂಡು ಆರಿಹೋಗುತ್ತದೆ. ಗುಂಡಿಯನ್ನು ಎರಡು ಸಲ ಒತ್ತಿದರೆ ಸಣ್ಣ ಕರೆಂಟಿನ ಮೋಡ್‌ಗೆ ಹೋಗುವಂಥದನ್ನೇ ಆರಿಸಿಕೊಳ್ಳಿ.

ಎರಡೂ ತುದಿ ಯುಎಸ್‌ಬಿ-ಸಿ ಇರುವ ಕೇಬಲ್ ಹಾಕಿದರೆ ಕೆಲವು ಉಪಕರಣಗಳು ಚಾರ್ಜೇ ಆಗವು. ಕೆಟ್ಟಿದೆ ಎಂದು ಎಸೆಯಬೇಡಿ. ಒಳಗೆ ಸಿಸಿ ಪಿನ್ನುಗಳಿಗೆ ಹಾಕಬೇಕಾದ 5.1 ಕಿಲೋಓಮ್ ರೆಸಿಸ್ಟರುಗಳನ್ನು ತಯಾರಕರು ಹಾಕದೆ ಬಿಟ್ಟಿರುತ್ತಾರೆ, ಹಾಗಾಗಿ ಅತ್ತ ಏನೋ ಸೇರಿದೆ ಎಂಬುದೇ ಚಾರ್ಜರಿಗೆ ತಿಳಿಯದು. ಒಂದು ತುದಿ ಹಳೆಯ ಎ, ಇನ್ನೊಂದು ಸಿ ಇರುವ ಕೇಬಲ್ ಹಾಕಿದರೆ ತಕ್ಷಣ ಶುರುವಾಗುತ್ತದೆ. ಅದಕ್ಕಾಗಿಯೇ ಒಂದು ಅಡಿ ಉದ್ದದ ಅಂಥ ಕೇಬಲ್ಲೊಂದನ್ನು ರೆಕಾರ್ಡರಿನ ಚೀಲಕ್ಕೇ ಕಟ್ಟಿಬಿಟ್ಟಿದ್ದೇನೆ.