ಕೈಗಿಂತ ಮೊದಲು ಕಣ್ಣು

ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಅಂಗನವಾಡಿ ಕಾರ್ಯಕರ್ತೆಯಾಗಿರುವ ನಾನು, ಮನೆಭೇಟಿಗೆ ಹೋದಾಗ ತಾಯಿ ಕಾರ್ಡಿನಲ್ಲಿ ತೂಕ, ಲಸಿಕೆಗಳ ವಿವರ ನೋಡಿ ಮುಗಿಸಿದ ಮೇಲೆ, ಒಂದಿಷ್ಟು ಹೊತ್ತು ಕೂಸಿನ ಕಣ್ಣನ್ನೇ ಗಮನಿಸುತ್ತಾ ಕೂರುವುದನ್ನು ರೂಢಿಸಿಕೊಂಡಿದ್ದೇನೆ. ಮಾತು ಬಾರದ ಮಗುವಿಗೆ ಏನು ತಿಳಿದಿದೆ ಎಂಬುದನ್ನು ಅರಿಯಲು ಇದಕ್ಕಿಂತ ನೇರವಾದ ದಾರಿ ನನಗೆ ಕಂಡಿಲ್ಲ.

ಹಸುಗೂಸಿಗೆ 20ರಿಂದ 30 ಸೆಂಟಿಮೀಟರ್ ದೂರದಲ್ಲಿರುವುದು ಮಾತ್ರ ತಕ್ಕಮಟ್ಟಿಗೆ ಸ್ಪಷ್ಟವಾಗಿ ಕಾಣುತ್ತದೆ. ಹಾಲೂಡುವ ತಾಯಿಯ ಮುಖ ಇರುವುದೂ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ. ಹಾಗಾಗಿ ತೊಟ್ಟಿಲ ಮೇಲೆ ಎತ್ತರದಲ್ಲಿ ಕಟ್ಟಿದ ಆಟಿಕೆಗಿಂತ ಬಾಗಿ ಮಾತನಾಡಿಸುವ ಮುಖವೇ ಮೇಲೆಂದು ಬಾಣಂತಿಯರಿಗೆ ಹೇಳುತ್ತೇನೆ.

ಏಳೆಂಟು ತಿಂಗಳಾದ ಮಗುವನ್ನು ಜಗಲಿಯ ಚಾಪೆಯ ಮೇಲೆ ಕೂರಿಸಿ, ಅದು ನೋಡುತ್ತಿರುವಂತೆಯೇ ಸ್ಟೀಲ್ ಲೋಟವೊಂದರ ಮೇಲೆ ಟವೆಲು ಮುಚ್ಚುತ್ತೇನೆ. ಕೆಲವು ಮಕ್ಕಳು ಚಾಚಿದ ಕೈಯನ್ನು ಅಲ್ಲಿಗೇ ಹಿಂದಕ್ಕೆಳೆದುಕೊಳ್ಳುತ್ತವೆ. ತಮ್ಮ ಮೂವರು ಮಕ್ಕಳನ್ನೇ ಹೀಗೆ ಗಮನಿಸಿದ ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ, ಮರೆಯಾದ ವಸ್ತುವೂ ಇದ್ದೇ ಇದೆ ಎಂಬ ತಿಳಿವಳಿಕೆ ಸುಮಾರು ಎಂಟು ತಿಂಗಳಿಗೆ ಮುಂಚೆ ಮೂಡುವುದಿಲ್ಲವೆಂದು ಭಾವಿಸಿದ್ದರು. ಆದರೆ ನಾನು ಕಂಡಂತೆ, ಕೈ ಹಿಂದೆ ಸರಿದರೂ ಕಣ್ಣು ಮಾತ್ರ ಟವೆಲಿನ ಆ ಉಬ್ಬಿನ ಮೇಲೆಯೇ ನೆಟ್ಟಿರುತ್ತದೆ. 1985ರಲ್ಲಿ ಮನೋವಿಜ್ಞಾನಿ ರೆನೆ ಬೈಯಾರ್ಜೋನ್ ಮತ್ತು ಸಂಗಡಿಗರು ಐದು ತಿಂಗಳ ಮಕ್ಕಳೆದುರು, ಹಲಗೆಯೊಂದು ತನ್ನ ಹಿಂದಿದ್ದ ಪೆಟ್ಟಿಗೆಯನ್ನೇ ತೂರಿ ಹೋದಂತೆ ತೋರುವ ದೃಶ್ಯವನ್ನು ಏರ್ಪಡಿಸಿದಾಗ, ಮಕ್ಕಳು ಅದನ್ನು ಹೆಚ್ಚು ಹೊತ್ತು ದಿಟ್ಟಿಸಿದವು. ಮರೆಯಾದ ಪೆಟ್ಟಿಗೆ ಅಲ್ಲೇ ಇದೆಯೆಂದು ತಿಳಿದಿದ್ದರಿಂದಲೇ ಅವಕ್ಕೆ ಅಚ್ಚರಿಯಾಯಿತು ಎಂಬುದು ಆ ಸಂಶೋಧಕರ ವಾದ. ಅದರ ಅರ್ಥದ ಬಗ್ಗೆ ವಿದ್ವಾಂಸರಲ್ಲಿ ವಾದಗಳಿವೆಯಾದರೂ, ಕೈಯೊಂದನ್ನೇ ನಂಬಿ ಮಗುವಿನ ಅರಿವನ್ನು ಅಳೆಯಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಕಿವಿಯ ವಿಷಯ ಇನ್ನೂ ಸೂಕ್ಷ್ಮವಾದದ್ದು. ಇಂಗ್ಲಿಷ್ ಮನೆಗಳ ಆರೆಂಟು ತಿಂಗಳ ಕೂಸುಗಳು ಹಿಂದಿಯ ತ ಮತ್ತು ಟ ಧ್ವನಿಗಳನ್ನು ಬೇರೆಬೇರೆಯಾಗಿ ಗುರುತಿಸುತ್ತವೆ, ವರ್ಷ ತುಂಬುವ ಹೊತ್ತಿಗೆ ಆ ಶಕ್ತಿ ಬಹುಮಟ್ಟಿಗೆ ಕುಗ್ಗುತ್ತದೆ ಎಂದು ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದರು. ನಮ್ಮ ಮಕ್ಕಳಲ್ಲಿ ಅದು ಉಳಿಯುವುದು ದಿನವೂ ಕಿವಿಗೆ ಬೀಳುವ ಕನ್ನಡದಿಂದ. ಆದ್ದರಿಂದ ಮಳೆಗಾಲದಲ್ಲಿ ಮಗು ತಿಂಗಳುಗಟ್ಟಲೆ ಒಳಗೇ ಇರುವಾಗ, ಅದರ ಮುಂದೆ ಮೊಬೈಲು ಹಿಡಿಯುವ ಬದಲು, ಒಲೆಗೆ ಕಟ್ಟಿಗೆ ತುಂಬುತ್ತಲೋ ಕಂಬಳಿ ಒಣಗಿಸುತ್ತಲೋ ಅದರೊಡನೆ ಮಾತನಾಡುತ್ತಿರಿ ಎಂದು ಅಜ್ಜಿಯರನ್ನು ಕೇಳಿಕೊಳ್ಳುತ್ತೇನೆ. ಅದು ಉಲಿದರೆ ತುಸು ನಿಂತು ಉತ್ತರ ಕೊಡಬೇಕು.

ವರ್ಷ ತುಂಬುವ ಸುಮಾರಿಗೆ ಮಗು ನಾವು ಬೆರಳು ತೋರಿದತ್ತ ನೋಡಿ, ಮತ್ತೆ ನಮ್ಮ ಮುಖವನ್ನು ನೋಡುತ್ತದೆ. ಆ ವಯಸ್ಸಾದರೂ ಹೆಸರು ಕರೆದಾಗ ತಿರುಗದ ಮಕ್ಕಳನ್ನು ನಾನು ತಡಮಾಡದೆ ಕಿವಿ ಪರೀಕ್ಷೆಗೆ ಕಳುಹಿಸುತ್ತೇನೆ.