ಪಟ್ಟಿ ಬಟ್ಟೆಲಿ ಕೌದಿ ಹೊಲಿಯೋರಿಗೆ ಒಂದು ಟಿಪ್
ಎರಡೂವರೆ ಇಂಚಿನ ರೆಡಿ ಪಟ್ಟಿ ತಂದಿದ್ರೆ ಹೊಲಿಯೋಕೆ ಮುಂಚೆ ಒಗೀಬೇಡಿ, ಅಂಚೆಲ್ಲ ನೂಲು ಬಿಟ್ಟು ಗಂಟಾಗತ್ತೆ, ನಾನು ಒಂದ್ಸಲ ಒಗ್ದು ಅರ್ಧ ದಿನ ನೂಲು ಬಿಡಿಸ್ತಾ ಕೂತಿದ್ದೆ. ಹೊಲಿಗೆಗೆ ಕಾಲಿಂಚು ಬಿಡಿ, 6 ಪಟ್ಟಿ ಸೇರಿಸಿದ್ರೆ ಕರೆಕ್ಟಾಗಿ 12.5 ಇಂಚು ಬರ್ಬೇಕು, ಕಮ್ಮಿ ಬಂತು ಅಂದ್ರೆ ಬಟ್ಟೆ ಜಾಸ್ತಿ ಒಳಗೆ ಹೋಗ್ತಿದೆ ಅಂತ. ಆಮೇಲೆ ಒಂದು ಹೊಲಿಗೆ ಮೇಲಿಂದ ಕೆಳಗೆ ಹೊಡೆದ್ರೆ ಮುಂದಿಂದು ಕೆಳಗಿಂದ ಮೇಲಕ್ಕೆ ಹೊಡೀರಿ, ಎಲ್ಲಾ ಒಂದೇ ಕಡೆಯಿಂದ ಹೊಡ್ಕೊಂಡು ಹೋದ್ರೆ ಇಡೀ ತುಂಡು ಬಿಲ್ಲಿನ ಥರ ಬಾಗತ್ತೆ, ಆಮೇಲೆ ಎಷ್ಟು ಇಸ್ತ್ರಿ ಮಾಡಿದ್ರೂ ನೆಟ್ಟಗಾಗಲ್ಲ. ಬಣ್ಣಕ್ಕೆ ತಲೆ ಕೆಡಿಸ್ಕೋಬೇಡಿ, ಎಲ್ಲಾ ಚೀಲಕ್ಕೆ ಹಾಕಿ ಕೈಗೆ ಸಿಕ್ಕಿದ್ದು ಹೊಲೀರಿ, ಒಂದೇ ಬಣ್ಣ ಪಕ್ಕಪಕ್ಕ ಬಂದ್ರೆ ಮಾತ್ರ ಬದಲಾಯಿಸಿ.